ಸಾಹುಕಾರ್ರ ಮಾತು ಕೇಳದ ಟಾರ್ಪಾಲ್

ಇಪ್ಪತ್ತೆರಡು ವರ್ಷ ಕಾಫಿ ತೋಟದ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಸಂಸೆ ಹತ್ತಿರದ ನಮ್ಮ ಎಸ್ಟೇಟಿಗೆ ಎಐ ಏಜೆಂಟ್ ಬಂದಮೇಲಂತೂ ಅವು ಹುಡುಕಿಕೊಂಡು ಬರತೊಡಗಿದವು. ಏಜೆಂಟ್ ಅಂದರೆ ಮನುಷ್ಯನಲ್ಲ, ಹೇಳಿದ ಕೆಲಸವನ್ನು ತಾನೇ ಮಾಡುವ ಕಂಪ್ಯೂಟರ್ ಪ್ರೋಗ್ರಾಂ. ಸ್ಪ್ರಿಂಕ್ಲರ್ ಓಡಿಸಲು, ಜೀಪ್ ಕಳಿಸಲು, ಆಳುಗಳಿಗೆ ಸುದ್ದಿ ಮುಟ್ಟಿಸಲು, ಸಾಹುಕಾರ್ರ ಅಡುಗೆಮನೆಗೆ ಹೇಳಿ ಕಳಿಸಲು ಅದಕ್ಕೆ ಒಂದೊಂದು ಟೂಲ್. ಯಾವ ಟೂಲ್ ಯಾತಕ್ಕೆ ಎಂದು ನಾವು ಬರೆದಿಟ್ಟ ವಿವರಣೆ ಓದಿಯೇ ಅದು ನಡೆದುಕೊಳ್ಳುತ್ತದೆ.

"ವಿವರಣೆ ನೀವೇ ಬರೀರಿ, ತೋಟ ಗೊತ್ತಿರೋದು ನಿಮಗೆ" ಎಂದರು, ಅದನ್ನು ಹಾಕಿಕೊಟ್ಟ ಚಿಕ್ಕಮಗಳೂರಿನ ಇಂಜಿನಿಯರ್ ಮೇಡಂ. ನಾನು ಉಬ್ಬಿಹೋದೆ. ಆಳುಗಳ ಹಾಜರಿ ಬರೆಯುವ ನನ್ನ ಚೆಕ್‌ರೋಲಿನಲ್ಲಿ ಇಂದಿನವರೆಗೆ ಒಬ್ಬರೂ ತಪ್ಪು ಹುಡುಕಿಲ್ಲ.

ಎರಡು ಕಡೆ ಮಳೆ

ಮೊದಲು ಬರೆದದ್ದು ಸ್ಪ್ರಿಂಕ್ಲರ್ ಬಗ್ಗೆ: "ಹೂಮಳೆ ಸಾಲದಿದ್ದರೆ ತೋಟಕ್ಕೆ ನೀರು ಬಿಡುತ್ತದೆ." ಮಾರ್ಚಿನಲ್ಲಿ, ಕಾಫಿ ಹೂ ಅರಳಿಸುವ ಆ ಮಳೆ ಬಂತು. ಬೆಳಿಗ್ಗೆ ಅಳೆದು "ಒಂದು" ಎಂದು ನಮೂದಿಸಿದೆ. ನಮ್ಮ ಕಡೆ ಮಳೆ ಅಂದರೆ ಇಂಚು, ಅದನ್ನು ಬೇರೆ ಬರೆಯಬೇಕೆಂದು ಯಾರಿಗೆ ಹೊಳೆಯುತ್ತದೆ? ಏಜೆಂಟ್ ಒಂದು ಮಿಲಿಮೀಟರ್ ಎಂದುಕೊಂಡು, ಅಯ್ಯೋ ಪಾಪ ಎಂದು ಎಲ್ಲ ಸ್ಪ್ರಿಂಕ್ಲರ್ ಬಿಟ್ಟಿತು. ಅಷ್ಟರಲ್ಲಿ ಇನ್ನೊಂದು ಮಳೆಯೂ ಹಿಡಿಯಿತು.

ಮೇಸ್ತ್ರಿ ತೋಟದ ಮಧ್ಯದಿಂದ ಫೋನ್ ಮಾಡಿದ: "ರೈಟ್ರೇ, ಮೇಲಿಂದಾನೂ ಬರ್ತಿದೆ, ಕೆಳಗಿಂದಾನೂ ಬರ್ತಿದೆ. ಕೊಡೆ ಯಾವ ಕಡೆ ಹಿಡೀಲಿ ಮಾರಾಯ್ರೇ?"

ಹನ್ನೆರಡು ಜನರ ಪುಣ್ಯ

ವರ್ಷದ ಕೊನೆಗೆ ಕಾಫಿ ಕುಯ್ಲು ಶುರುವಾಯಿತು. ಜೀಪ್ ಟೂಲ್‌ಗೆ ಬರೆದೆ: "ಲೈನ್ ಮನೆಯಿಂದ ಆಳುಗಳನ್ನು ಹತ್ತಿಸಿಕೊಂಡು, ಹೇಳಿದ ಜಾಗಕ್ಕೆ ಬಿಡುತ್ತದೆ." ಇದಕ್ಕಿಂತ ಸ್ಪಷ್ಟ ಬೇಕೆ?

ತೋಟದ ಮಾಲೀಕರಾದ ಸಾಹುಕಾರ್ರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುವವರು, ಏಜೆಂಟಿಗೆ ಹೇಳಿದರು: "ನಾಳೆ ಬೆಳಿಗ್ಗೆ ಹೊರನಾಡಿಗೆ ಜೀಪ್ ಕಳ್ಸು." ಬೆಳಿಗ್ಗೆ ಅವರು ರೇಷ್ಮೆ ಸೀರೆಯುಟ್ಟು, ಹಣ್ಣುಕಾಯಿ ಹಿಡಿದು ಜಗಲಿಯಲ್ಲಿ ಕಾಯುತ್ತಲೇ ಇದ್ದರು. ಜೀಪ್ ಕುಯ್ಲಿನ ಹನ್ನೆರಡು ಹೆಂಗಸರನ್ನು ತುಂಬಿಕೊಂಡು ಆಗಲೇ ಹೊರನಾಡು ಸೇರಿತ್ತು. ದರ್ಶನ, ಊಟ ಎಲ್ಲ ಮುಗಿಸಿ ಅವರು ಬಂದದ್ದು ಮಧ್ಯಾಹ್ನದ ಮೇಲೆ.

ಸಾಹುಕಾರ್ರು ಸಿಟ್ಟಿನಿಂದ ಕೆಂಪಾಗಿದ್ದರು. "ಇನ್ನೊಂದು ಸಲ ಹೀಗಾದ್ರೆ ಏಜೆಂಟೂ ಬೇಡ, ನಿಮ್ಮ ಬರವಣಿಗೆನೂ ಬೇಡ."

ನನಗೆ ಅಳುವೇ ಬಂತು. ಅಷ್ಟರಲ್ಲಿ ಹೆಂಗಸರಲ್ಲಿ ಹಿರಿಯಾಕೆ ಪ್ರಸಾದ ಕೊಟ್ಟು ಮೆಲ್ಲಗೆ ಹೇಳಿದಳು: "ಊಟ ಭಾರಿ ಚೆನ್ನಾಗಿತ್ತು ರೈಟ್ರೇ. ನಾಳೆ ಶೃಂಗೇರಿಗೆ ಬರೀರಿ."

ಮೋಡ

ಮರ್ಯಾದೆ ಪ್ರಶ್ನೆ! ಒಂದೊಂದು ಟೂಲನ್ನೂ ಹೊಸದಾಗಿ ಬರೆದೆ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಅನುಮಾನ ಬಂದರೆ ಯಾರನ್ನು ಕೇಳಬೇಕು, ಒಂದೂ ಬಿಡಲಿಲ್ಲ.

ಕುಯ್ಲಿನ ಕೊನೆಗೆ ಸಿಪ್ಪೆ ಸುಲಿದು ತೊಳೆದ ವರ್ಷದ ಪಾರ್ಚ್‌ಮೆಂಟ್ ಕಾಫಿಯೆಲ್ಲ ಕಣದಲ್ಲಿ ಒಣಗುತ್ತಿತ್ತು. ನೆನೆದರೆ ಮುಗಿಯಿತು. ಅವತ್ತು ಮೂಡಿಗೆರೆಯ ನೆಂಟರು ಬಂದಿದ್ದರು. ಕುದುರೆಮುಖದ ಕಡೆ ಸ್ವಲ್ಪ ಮೋಡ. ಏಜೆಂಟ್ ಜಗಲಿಯ ಸ್ಪೀಕರಿನಲ್ಲಿ ಹೇಳಿತು: "ಕಣಕ್ಕೆ ಟಾರ್ಪಾಲ್ ಮುಚ್ಚಲು ಆಳುಗಳಿಗೆ ಹೇಳುತ್ತಿದ್ದೇನೆ."

ಸಾಹುಕಾರ್ರು ನೆಂಟರತ್ತ ನೋಡಿ ನಕ್ಕರು. "ಬೇಡ, ಇದು ಸುರಿಯೋ ಮೋಡ ಅಲ್ಲ."

"ಕ್ಷಮಿಸಿ, ಈ ಟೂಲಿನ ವಿವರಣೆ ಹೀಗಿದೆ" ಎಂದು ಏಜೆಂಟ್ ಜಗಲಿಗೆಲ್ಲ ಕೇಳುವಂತೆ ಓದಿತು. "ಕುದುರೆಮುಖದ ಕಡೆ ಮೋಡ ಕಂಡ ಕೂಡಲೇ ಮುಚ್ಚಿಸು. ಸಾಹುಕಾರ್ರು ಬೇಡ ಅಂದರೂ ಮುಚ್ಚಿಸು. ಕಾಫಿ ವಿಷಯದಲ್ಲಿ ಅವರು ದೊಡ್ಡವರು, ಮೋಡ ಮಾತ್ರ ಅವರಿಗೆ ಗೊತ್ತಾಗುವುದಿಲ್ಲ."

ನಾನು ಕಂಬದ ಹಿಂದೆ ಸರಿದೆ. ನೆಂಟರು ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡರು. ಆಳುಗಳು ಟಾರ್ಪಾಲಿನ ಕೊನೆಯ ಮೂಲೆ ಎಳೆಯುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ಒಂದು ಕಾಳೂ ನೆನೆಯಲಿಲ್ಲ. ಆ ಹೊತ್ತು ನನಗಾದ ಹೆಮ್ಮೆಯನ್ನು ಮುಚ್ಚುವಷ್ಟು ದೊಡ್ಡ ಟಾರ್ಪಾಲ್ ನಮ್ಮ ತೋಟದಲ್ಲಿರಲಿಲ್ಲ.

ಮಾರನೇ ದಿನ ಸಾಹುಕಾರ್ರು ಒಬ್ಬರೇ ಆಫೀಸಿಗೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತೆ. ಅವರು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದರು: "ಚೆನ್ನಾಗಿ ಬರ್ದಿದೀರಿ ರೈಟ್ರೇ. ಅಡುಗೆಮನೆ ಟೂಲಿಗೂ ಹಂಗೇ ಒಂದು ಬರ್ದ್‌ಬಿಡಿ. ಅಮ್ಮಾವ್ರು ಬೇಡ ಅಂದ್ರೂ ನನ್ನ ಕಾಫಿಗೆ ಸಕ್ಕರೆ ಹಾಕ್ಸು ಅಂತ."

ಅವರೆದುರೇ ಬರೆದೆ. ಅವರು ಹೋದಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸಿದೆ, ವಿವರಣೆ ಪೂರ್ತಿಯಾಗಿರಬೇಕಲ್ಲ: "ಇದನ್ನು ಬರೆಸಿದವರು ಯಾರೆಂದು ಅಮ್ಮಾವ್ರು ಕೇಳಿದರೆ ಗಟ್ಟಿಯಾಗಿ ಹೇಳು."