ಎಡಗೈ ಸಲಾಮು

ಶ್ರೀಕೃಷ್ಣ ಹೆಗಡೆ ಹಳೆಯ ಮೋಟರ್‌ಸೈಕಲ್ಲು ಕೊಂಡದ್ದು ತಪ್ಪಲ್ಲ. ಅದರ ಜೊತೆಗೆ ಒಂದು ಸಲಾಮನ್ನೂ ಹೊನ್ನಾವರಕ್ಕೆ ತಂದುಕೊಂಡದ್ದು ಎಡವಟ್ಟಾಯಿತು.

ಗಾಡಿ ಮಾರಿದ ಭಟ್ಕಳದ ಮೊಹಿದ್ದೀನ್ ಸಾಹೇಬರು ಅದನ್ನು ಒಪ್ಪಿಸುವಾಗ ಬೆನ್ನು ತಟ್ಟಿ ಹೇಳಿದ್ದರು: "ನೋಡಿ ಹೆಗಡೇರೆ, ಮೋಟರ್‌ಸೈಕಲ್ಲಿನವರದ್ದೆಲ್ಲ ಒಂದೇ ಜಾತಿ. ಎದುರಿಗೆ ಬಂದ್ರೆ ಗುರ್ತ ಇರ್ಲಿ ಬಿಡ್ಲಿ, ಕೈ ಎತ್ತಿ ಸಲಾಂ ಹೊಡೀಬೇಕು. ಎಡಗೈ ಮತ್ತೆ! ಬಲಗೈ ಬಿಟ್ರೆ ಗಾಡಿ ಉಸ್ ಅಂತ ನಿಂತೇ ಬಿಡ್ತದೆ."

ಆದರೆ ಸಲಾಂ ಹೊಡೆಯುವುದು ಯಾರಿಗೆ? ಜಿಲ್ಲೆ ಮುಂಬಯಿಯ ಕೈ ಬಿಟ್ಟು ಮೈಸೂರಿಗೆ ಸೇರಿ ಏಳೆಂಟು ವರ್ಷವಷ್ಟೇ ಆಗಿದ್ದ ಕಾಲ ಅದು. ಕುಮಟೆಯ ಹಾದಿಯಲ್ಲಿ ಎತ್ತಿನ ಗಾಡಿ ಸಿಗುತ್ತಿತ್ತು, ಬಸ್ಸು ಸಿಗುತ್ತಿತ್ತು, ಇನ್ನೊಂದು ಮೋಟರ್‌ಸೈಕಲ್ಲು ಮಾತ್ರ ಸಿಗುತ್ತಿರಲಿಲ್ಲ. ಒಮ್ಮೆ ಶ್ರೀಕೃಷ್ಣ ತಡೆಯಲಾರದೆ ಬಸ್ಸಿಗೇ ಕೈ ಎತ್ತಿದ. ಬಸ್ಸು ನಿಂತಿತು. ಕಂಡಕ್ಟರು ಇಳಿದು ಬಂದು, ಗಾಡಿಯನ್ನೂ ಮೇಲೆ ಹಾಕಬೇಕೋ ಎಂದು ಕೇಳಿದ.

ಆ ಭಾನುವಾರ ಅವನು ಹೊರಟದ್ದು ಕುಮಟೆಗೆ, ಹೆಣ್ಣು ನೋಡಲು. ಕೋರ್ಟಿನಲ್ಲಿ ಗುಮಾಸ್ತನಾದ ಅವನಿಗೆ ಮೂವತ್ತು ದಾಟಿತ್ತು. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪದಲ್ಲಿ ತಪ್ಪಿಹೋಗಿದ್ದವು. ಈ ಪರಮೇಶ್ವರಿಯ ಫೋಟೋ ನೋಡಿದಂದಿನಿಂದ ಅವನಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ನೆರೆಮನೆಯ ನಾಗಮ್ಮ ಅಂಗಳದಲ್ಲೇ ಅಡ್ಡಗಟ್ಟಿದಳು. "ನೀ ನೋಡಲೆ ಹೊಂಟ ಕೂಸಿನ ಅಪ್ಪ ತ್ರ್ಯಂಬಕ ಭಟ್ರು ಸಂಸ್ಕೃತ ಮಾಸ್ತರು, ಮರ್ಯಾದೆ ಹೇಳಿದ್ರೆ ಜೀವ. ಹೋದ ವರ್ಷ ಕೂಸಿನ ನೋಡಲೆ ಬಂದ ಒಬ್ಬ ಮಾಣಿ ಎಡಗೈಲಿ ಚಾ ಲೋಟ ತಗಂಡ ಹೇಳಿ ಸಂಬಂಧನೇ ಬೇಡ ಹೇಳಿದ್ವಡ. ಗೊತ್ತಾತಾ?"

"ಆತು ನಾಗಮ್ಮತ್ತೆ," ಎಂದು ಶ್ರೀಕೃಷ್ಣ ಗಾಡಿಯ ಕಿಕ್ ಒದ್ದು ಹೊರಟ.

ಧಾರೇಶ್ವರದ ಹತ್ತಿರ ಎದುರಿನಿಂದ ಬುಡುಬುಡು ಸದ್ದು ಕೇಳಿಸಿತು. ಸಾಕ್ಷಾತ್ ಇನ್ನೊಂದು ಮೋಟರ್‌ಸೈಕಲ್ಲು! ಶ್ರೀಕೃಷ್ಣನ ಜನ್ಮ ಸಾರ್ಥಕವಾಯಿತು. ಎಡಗೈಯನ್ನು ಎತ್ತಬಹುದಾದಷ್ಟೂ ಎತ್ತಿದ. ಆ ಸವಾರನೂ ಹಲ್ಲು ಬಿಟ್ಟು ಕೈ ಎತ್ತಿದ. ಅವನ ಹಿಂದೆ ಕೂತಿದ್ದ ಶಾಲು ಹೊದ್ದ ಹಿರಿಯರ ಮುಖ ಮಾತ್ರ ಹುಣಿಸೆಹಣ್ಣು ಕಚ್ಚಿದಂತೆ ಕಿವುಚಿಕೊಂಡಿತ್ತು.

ಖುಷಿಗೆ ಒಂದು ಚಾ ಕುಡಿಯೋಣವೆಂದು ಅಲ್ಲೇ ಮಾಬ್ಲನ ಅಂಗಡಿಯಲ್ಲಿ ನಿಲ್ಲಿಸಿದ.

"ಎಂತ ವಡೆಯಾ, ತ್ರ್ಯಂಬಕ ಭಟ್ರಿಗೆ ಎಡಗೈಲಿ ನಮಸ್ಕಾರ ಹೊಡದ್ರಲ್ಲ?" ಎಂದ ಮಾಬ್ಲ.

"ಯಾವ ತ್ರ್ಯಂಬಕ ಭಟ್ರು?"

"ಕುಮಟೆ ಸಂಸ್ಕೃತ ಮಾಸ್ತರು. ಮಗಳ ನೋಡೂಕೆ ಗಂಡು ಬತ್ತದಂತೆ. ಹಳದೀಪುರದ ತಂಗಿಗೆ ಹೇಳೂಕೆ ದನದ ಡಾಕ್ಟ್ರ ಗಾಡಿ ಮೇಲೆ ಹೋದ್ರು."

ಚಾ ಶ್ರೀಕೃಷ್ಣನ ಮೂಗಿಗೆ ಹತ್ತಿತು. ಆ ಕಿವುಚಿದ ಮುಖದ ಅರ್ಥ ಈಗ ತಿಳಿಯಿತು.

"ಹೆದರಬೇಡಿ. ಹಿಂದೇ ಹೋಗಿ, ಮುಂದಿಂದ ಬಂದು, ಬಲಗೈಲಿ ಒಂದು ನಮಸ್ಕಾರ ಮಾಡಿಬಿಡಿ. ಎಲ್ಲ ಸಮ ಆತದೆ," ಎಂದು ಮಾಬ್ಲ ಪುಕ್ಕಟೆ ಸಲಹೆ ಕೊಟ್ಟ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಗತಿ.

ಶ್ರೀಕೃಷ್ಣ ಬಂದ ದಾರಿಯಲ್ಲೇ ಗಾಡಿ ಓಡಿಸಿದ. ಡಾಕ್ಟರನ್ನು ಹಿಂದೆ ಹಾಕಿ, ತಿರುವಿನಲ್ಲಿ ಗಾಡಿ ತಿರುಗಿಸಿ ಎದುರಿಗೆ ಬಂದ. ಬಲಗೈ ಎತ್ತಿದ. ಸಾಹೇಬರು ಹೇಳಿದಂತೆ ಗಾಡಿ ಉಸ್ ಎಂದು ನಿಂತೇ ಹೋಯಿತು. ಡಾಕ್ಟರು ಇದೇನೋ ಹೊಸ ಆಟವೆಂದು ಮತ್ತೆ ಕೈ ಬೀಸಿ ಹೋದರು. ಭಟ್ಟರ ಮುಖ ಮೊದಲಿಗಿಂತ ಹೆಚ್ಚು ಕಿವುಚಿತ್ತು.

ಒಂದು ಕೈಯಿಂದ ಮುನಿದವರನ್ನು ಎರಡು ಕೈಯಿಂದಲೇ ಒಲಿಸಬೇಕು ಎಂದು ಅವನಿಗೆ ಹೊಳೆಯಿತು. ಇನ್ನೊಮ್ಮೆ ಒದ್ದ, ಇನ್ನೊಮ್ಮೆ ಹಿಂದೆ ಹಾಕಿದ, ಇನ್ನೊಮ್ಮೆ ಎದುರಿಗೆ ಬಂದ. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಭಕ್ತಿಯಿಂದ ನಮಸ್ಕರಿಸಿದ.

ಮೋಟರ್‌ಸೈಕಲ್ಲಿಗೆ ಅಷ್ಟು ಭಕ್ತಿ ಇರಲಿಲ್ಲ. ಅದು ರಸ್ತೆ ಬಿಟ್ಟು, ಮೀನು ಮಾರಲು ಹೊರಟಿದ್ದ ಬೆಳ್ಳಿ ಎಂಬ ಹೆಂಗಸಿನ ಬುಟ್ಟಿಗೇ ನುಗ್ಗಿತು. ಬೆಳ್ಳಿ ಹಾರಿ ಬಚಾವಾದಳು. ಹೆಣ್ಣು ನೋಡಲು ಹೊರಟ ಹೆಗಡೆ ಬಿಳಿ ಪಂಚೆಯಲ್ಲಿ ಬಂಗಡೆಗಳ ನಡುವೆ ಅಂಗಾತ ಬಿದ್ದ.

"ನಿಮ್ ಕಣ್ಣಿಗೆ ಮಣ್ಣು ಬೀಳ್ಲಿ ವಡೆಯಾ!" ಎಂದು ಬೆಳ್ಳಿ ಮರ್ಯಾದೆ ಕೊಟ್ಟೇ ಬೈದಳು. "ಕೈ ಮುಗಿಯೂಕೆ ದೇವಸ್ಥಾನ ಇಲ್ವಾ?"

ಅವನು ಎರಡೂ ಕೈ ಬಿಟ್ಟದ್ದು ಕಂಡೇ ಗಕ್ಕನೆ ಬ್ರೇಕು ಹಾಕಿದ್ದ ಡಾಕ್ಟರು ಓಡಿಬಂದು, ದನದ ಕಾಲು ನೋಡುವಂತೆ ಅವನ ಕಾಲು ನೋಡಿದರು. ಏನೂ ಮುರಿದಿರಲಿಲ್ಲ. ಭಟ್ಟರು ತಾವೇ ಕೈಕೊಟ್ಟು ಎಬ್ಬಿಸಿದರು. "ಪೆಟ್ಟಾತನ ತಮಾ?"

ಆ ಮೃದುವಾದ ದನಿಗೆ ಶ್ರೀಕೃಷ್ಣನ ಕಣ್ಣು ತುಂಬಿತು. ಕಾಲಿಗೆ ಬಿದ್ದ. "ಆಗ ಎಡಗೈ ಎತ್ತಿದ್ದು ತಪ್ಪಾತು. ಕ್ಷಮಿಸವು."

"ಎಡಗೈಯ? ಯಾವಾಗ? ಹೆದ್ರಿಕೆಗೆ ಆನು ಈ ಗಾಡಿ ಹತ್ತಿದ ಮೇಲೆ ಕಣ್ಣೇ ಬಿಟ್ಟಿದ್ದಿಲ್ಲೆ ಮಾರಾಯ! ಈಗ ಬ್ರೇಕ್ ಹಾಕಿದಾಗ್ಲೇ ಬಿಟ್ಟಿದ್ದು. ನೋಡಿದ್ರೆ, ನೀನು ಎರಡೂ ಕೈ ಬಿಟ್ಟಿದ್ದೆ!"

ಎಡಗೈಯನ್ನು ಅವರು ನೋಡಿಯೇ ಇರಲಿಲ್ಲ! ಶ್ರೀಕೃಷ್ಣನಿಗೆ ಹೋದ ಜೀವ ಬಂದಂತಾಯಿತು. ಜುಬ್ಬಕ್ಕೆ ಅಂಟಿದ ಬಂಗಡೆ ಕಿತ್ತೆಸೆದು, ತಾನು ಹೊನ್ನಾವರದ ಶ್ರೀಕೃಷ್ಣ, ಇವತ್ತು ಅವರ ಮನೆಗೇ ಬರುತ್ತಿದ್ದವನು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ.

ಭಟ್ಟರು ಅವನನ್ನು ನೋಡಿದರು, ಬಿದ್ದ ಗಾಡಿಯನ್ನು ನೋಡಿದರು. ಅವನ ಹೆಗಲ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದರು:

"ತಮಾ, ನೀನು ಒಳ್ಳೆ ಮಾಣಿನೇ. ಆದ್ರೆ ಎದುರಿಗೆ ಯಾರೋ ಕಂಡ ಹೇಳಿ ಹಿಡ್ಕಂಡಿದ್ದನ್ನೇ ಬಿಡ್ತೆ. ನಾಳೆ ನನ್ನ ಕೂಸಿನ ಕೈ ಹಿಡಿದ ಮೇಲೆ, ಎದುರಿಗೆ ಇನ್ಯಾರೋ ಕಂಡ್ರೆ ಎಂತ ಮಾಡ್ತೆ?"