ಬಾರದ ಜ್ವರ, ಮೊಂಡುಬಾಲದ ಹಲ್ಲಿ

ಎಲ್ಲಾ ಎಡವಟ್ಟಿಗೂ ಮೂಲ ಒಂದು ಜ್ವರ. ಅದೂ ಬರದೇ ಇದ್ದ ಜ್ವರ.

ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರಿನಲ್ಲಿ ಕೂರುತ್ತಿದ್ದ ಗುಮಾಸ್ತ ಆ ದಿನ ಬೆಳಿಗ್ಗೆ ಏಳಕ್ಕೆ ಮ್ಯಾನೇಜರರಿಗೆ ಫೋನು ಮಾಡಿ, ಮೂಗು ಹಿಡಿದುಕೊಂಡು ಹೇಳಿದ: "ಸಾರ್, ರಾತ್ರಿಯಿಂದ ಜ್ವರ. ಎದ್ದು ನಿಲ್ಲೋಕೂ ಆಗ್ತಿಲ್ಲ."

"ಈ ವರ್ಷದಲ್ಲಿ ನಿಮಗಿದು ನಾಲ್ಕನೇ ಜ್ವರ ಕಣ್ರೀ," ಎಂದರು ಮ್ಯಾನೇಜರ್. "ಮಲಗಿ. ಆದ್ರೆ ಎಲ್ಲಾದ್ರೂ ಓಡಾಡ್ತಾ ಕಣ್ಣಿಗೆ ಬಿದ್ರೋ, ಮುಂದಿನ ಬಡ್ತಿ ಮರೆತುಬಿಡಿ."

ಫೋನಿಟ್ಟ ಗುಮಾಸ್ತ ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು, ಮೂವತ್ತೆಂಟು ಸಾವಿರವನ್ನು ಒಳಜೇಬಿನಲ್ಲಿಟ್ಟುಕೊಂಡು ಹೊರಟೇಬಿಟ್ಟ. ಮೋಟಾರ್ ಸೈಕಲ್ ಮಾರಿ ಬಂದ ದುಡ್ಡು ಅದು. ಹಾಗಾಗಿ ಬಸ್ಸಿನಲ್ಲೇ ಹೋಗಬೇಕಿತ್ತು.

ಹೊರಟಿದ್ದು ಟೀಚರಮ್ಮನ ಮನೆಗೆ. ಎಪ್ಪತ್ತು ದಾಟಿದ ನಿವೃತ್ತ ಡ್ರಾಯಿಂಗ್ ಟೀಚರ್ ಆಕೆ. ನಾಲ್ಕು ವರ್ಷದ ಹಿಂದೆ ಬಸ್ಸಿನಲ್ಲಿ ಕನ್ನಡಕ ಮರೆತಿದ್ದರು. ಅದನ್ನು ಕೊಡಲು ಮನೆಗೇ ಹೋದ ಗುಮಾಸ್ತ ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ಜೋಡಿಯನ್ನು ಕಂಡ. ಮೊಳದುದ್ದದ ಹಲ್ಲಿಗಳು, ಮೈತುಂಬ ಹೆಂಚು ಹೊದಿಸಿದ ಹಾಗೆ ಹುರುಪೆ, ಬಾಲವೋ ಥೇಟ್ ತಲೆಯಂತೆ ಮೊಂಡು. ಯಾವುದು ಹಿಂದು, ಯಾವುದು ಮುಂದು ಎಂದು ತಿಳಿಯಲು ಅದು ನಾಲಿಗೆ ಚಾಚುವವರೆಗೂ ಕಾಯಬೇಕು. ಅದು ಚಾಚಿತು. ಬಾನಿನ ಬಣ್ಣದ ನೀಲಿ ನಾಲಿಗೆ! ಗುಮಾಸ್ತ ಅಲ್ಲೇ ಸೋತುಹೋದ.

ಯಾಕೆ ಎಂದರೆ ಹೇಳುವುದು ಕಷ್ಟ. ಇಪ್ಪತ್ತೆರಡು ವರ್ಷದಿಂದ ಅವನು ಬೇರೆಯವರ ಕೊಡೆ, ಬೇರೆಯವರ ಚೀಲ, ಬೇರೆಯವರ ಹಲ್ಲಿನ ಸೆಟ್ಟು ಕಾಯುತ್ತಾ ಕೂತಿದ್ದ. ಇದು ತನ್ನದು ಅಂತ ಎದೆ ತಟ್ಟಿ ಹೇಳಿಕೊಳ್ಳುವಂಥ ಒಂದೇ ಒಂದು ವಸ್ತು ಅವನಿಗೆ ಬೇಕಿತ್ತು. ಈ ಪ್ರಾಣಿ ಓಡುವುದಿಲ್ಲ, ಕೂಗುವುದಿಲ್ಲ, ಐವತ್ತು ವರ್ಷ ಬದುಕುತ್ತದೆ. ಕಷ್ಟವೆಂದರೆ, ಊರಿಗೆಲ್ಲ ಇರುವುದು ಅದೊಂದೇ ಜೋಡಿ. ಆ ಜೋಡಿಗೆ ಅವಸರವೆಂಬುದೇ ಗೊತ್ತಿಲ್ಲ. ಎರಡು ವರ್ಷಕ್ಕೊಂದು ಮರಿ ಹಾಕಿದರೆ ಹೆಚ್ಚು. ಟೀಚರಮ್ಮ ಒಂದು ನೋಟ್‌ಬುಕ್ಕಿನಲ್ಲಿ ಬೇಕಾದವರ ಪಟ್ಟಿ ಬರೆದಿಟ್ಟಿದ್ದರು. ಗುಮಾಸ್ತ ಎರಡನೆಯವನು. ನಾಲ್ಕು ವರ್ಷ ಕಾದಿದ್ದ. ಇವತ್ತು ಹತ್ತು ಗಂಟೆಯೊಳಗೆ ಬರದಿದ್ದರೆ ಮರಿ ಮುಂದಿನವರಿಗೆ ಎಂದು ನಿನ್ನೆ ಫೋನು ಬಂದಿತ್ತು. ಮ್ಯಾನೇಜರ್ ರಜ ಕೊಟ್ಟಿರಲಿಲ್ಲ. ಪಾಪ, ಜ್ವರ ಬರದೆ ಇನ್ನೇನಾಗುತ್ತೆ?

ಟೀಚರಮ್ಮ ದುಡ್ಡು ಎಣಿಸಿಕೊಂಡು, ತೂತು ಕೊರೆದ ಬೂಟಿನ ಡಬ್ಬಿಯನ್ನು ಕೈಗಿತ್ತರು. ಅದರ ತಳದಲ್ಲಿ ತಮ್ಮ ಫೋನ್ ನಂಬರನ್ನೂ ಬರೆದಿದ್ದರು.

"ಬೆಚ್ಚಗಿರಬೇಕು. ತಣ್ಣಗಾದ್ರೆ ಊಟ ಬಿಡತ್ತೆ. ಕಣ್ಣಮುಂದಿಂದ ಅತ್ತಿತ್ತ ಬಿಡಬೇಡಿ."

"ನನ್ನ ಪ್ರಾಣ ಹೋದ್ರೂ ಬಿಡಲ್ಲ, ಟೀಚರಮ್ಮ."

ಹದಿನೈದು ನಿಮಿಷಕ್ಕೆ ಬಿಟ್ಟ.

ಆದದ್ದು ಇಷ್ಟೇ. ಬಸ್ಸಿನಲ್ಲಿ ಬೆಚ್ಚಗಿನ ಜಾಗವೆಂದರೆ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳ. ಡಬ್ಬಿಯನ್ನು ಅಲ್ಲಿಟ್ಟು ಪಕ್ಕದಲ್ಲೇ ನಿಂತ. ಎರಡನೇ ನಿಲ್ದಾಣದಲ್ಲಿ ಮುಂದಿನ ಬಾಗಿಲಿನಿಂದ ಒಂದು ಪರಿಚಿತ ಬೋಳುತಲೆ ಮೇಲೇರಿ ಬಂತು. ಮ್ಯಾನೇಜರ್! ಮುಖ್ಯ ಕಚೇರಿಯ ಮೀಟಿಂಗ್ ಮುಗಿಸಿ ಡಿಪೋಗೆ ಹೊರಟಿದ್ದರು. ಗುಮಾಸ್ತನ ತಲೆ ಕೆಲಸ ಮಾಡುವ ಮೊದಲೇ ಕಾಲುಗಳು ಮಾಡಿದವು. ಜನರ ಕಂಕುಳಡಿ ನುಸುಳಿ, ಹಿಂದಿನ ಬಾಗಿಲಿನಿಂದ ಧುಮುಕಿದ. ಬಸ್ಸು ಹೊರಟಿತು. ಕೈ ನೋಡಿಕೊಂಡ. ಖಾಲಿ.

"ನಿಲ್ಸೀ!" ಎಂದು ಕೂಗಲು ಬಾಯಿ ತೆರೆದವನು, ನಿಂತರೆ ಯಾರು ಇಣುಕಿ ನೋಡುತ್ತಾರೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಆ ಡಬ್ಬಿ ಎಲ್ಲಿ ಸೇರುತ್ತದೆಂದು ಇಡೀ ಊರಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಅವನದೇ ಕೌಂಟರಿಗೆ. ಅಲ್ಲಿ ಇವತ್ತು ಅವನ ಬದಲು ಟೈಪಿಸ್ಟಮ್ಮನನ್ನು ಕೂರಿಸಿದ್ದರು. ಕೊಟ್ಟ ಕೆಲಸವನ್ನು ಒಂದಿಂಚೂ ಆಚೀಚೆ ಮಾಡದ ಹೆಂಗಸು. ಅವರಿಗೆ ಕೌಂಟರಿನ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಸಿದವನೂ ಇವನೇ.

ಹಿಂದೆಮುಂದೆ ನೋಡಿ, ಕೊನೆಗೆ ಮಧ್ಯಾಹ್ನ ಎರಡಕ್ಕೆ ಡಿಪೋ ಗೋಡೆಯ ಹಿಂದಿನ ಚಹಾದಂಗಡಿಯಿಂದ ಗುಮಾಸ್ತ ಫೋನು ಮಾಡಿದ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದ.

"ಹಲೋ, ಬಸ್ಸಲ್ಲಿ ಒಂದು ಬೂಟಿನ ಡಬ್ಬಿ ಬಿಟ್ಟೆ."

"ಹೌದು, ಬಂದಿದೆ. ನಮ್ಮ ಮ್ಯಾನೇಜರೇ ತಂದುಕೊಟ್ರು. ಒಳಗೆ ಜೀವ ಇದೆ," ಎಂದರು ಟೈಪಿಸ್ಟಮ್ಮ. "ಟಿಕೆಟ್ ತಗೊಂಡು ನೀವೇ ಬರಬೇಕು. ಗುರುತು ಹೇಳಬೇಕು. ಅಲ್ಲಾ, ನಿಮ್ಮ ದನಿ ನಮ್ಮ ಗುಮಾಸ್ತರ ದನಿ ಥರಾನೇ ಇದೆಯಲ್ಲಾ? ಅವರಿಗೂ ಹೀಗೇ ಮೂಗು ಕಟ್ಟಿದೆ ಪಾಪ."

ಗುಮಾಸ್ತ ಫೋನು ಕುಕ್ಕಿದ. ಎದುರಿಗೆ ಚಹಾದವನು ಲೋಟ ತೊಳೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಪರರ ವಿಷಯದಲ್ಲಿ ಅವನ ಕಿವಿ ಬಹಳ ಚುರುಕು.

"ನಾನು ಹೋಗಿ ತರ್ತೀನಿ ಬಿಡಿ ಸಾರ್. ಟಿಕೆಟ್ ಕೊಡಿ. ಡಬ್ಬಿಯೊಳಗೇನಿದೆ?"

"ಹಲ್ಲಿ."

"ಹಲ್ಲೀನಾ? ನಮ್ಮಂಗಡಿ ಗೋಡೆ ಮೇಲೆ ಆರಿದಾವೆ, ಬಿಟ್ಟಿಯಾಗಿ ತಗೊಂಡ್ಹೋಗಿ!"

"ಅಯ್ಯೋ ಮಾರಾಯ, ಇದು ಅಂಥದ್ದಲ್ಲ. ಮೊಂಡುಬಾಲ, ನೀಲಿ ನಾಲಿಗೆ. ಇಷ್ಟು ಹೇಳು, ಸಾಕು."

ಹತ್ತು ನಿಮಿಷಕ್ಕೆ ಚಹಾದವನು ಬರಿಗೈಲಿ ಬಂದ.

"ಎಲ್ಲಾ ಸರಿಯಾಗೇ ಹೇಳಿದೆ ಸಾರ್. ಆಯಮ್ಮ ಕೊನೇಲಿ, 'ನಿಮ್ಮದೇ ಆದ್ರೆ ಇದರ ತಲೆ ಯಾವುದು ತೋರ್ಸಿ' ಅಂದುಬಿಟ್ರು. ಎರಡೂ ಕಡೆ ನೋಡ್ದೆ. ಎರಡೂ ಒಂದೇ! ದೇವರ ಮೇಲೆ ಭಾರ ಹಾಕಿ ಒಂದು ಕಡೆ ಮುಟ್ಟಿ, 'ಬಾರೋ ಕಂದಾ' ಅಂತ ಮುದ್ದು ಮಾಡ್ದೆ. ಅದು ಇನ್ನೊಂದು ಕಡೆಯಿಂದ ನಾಲಿಗೆ ಚಾಚ್ತು."

"ಆಮೇಲೆ?"

"ಆಮೇಲೇನು? ಅಲ್ಲಿ ಜನವೋ ಜನ. ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು, ಎಲ್ಲಾ ಸೇರ್ಕೊಂಡು ನಕ್ಕರು. ಸಂಜೆ ಐದಕ್ಕೆ ಹರಾಜಂತೆ."

ಗುಮಾಸ್ತ ತಲೆಮೇಲೆ ಕೈಹೊತ್ತು ಬೆಂಚಿನ ಮೇಲೆ ಕುಸಿದ. ಐದು ವರ್ಷದ ಹಿಂದೆ ಯಾರೋ ಬಿಟ್ಟುಹೋದ ಕೋಳಿಯೊಂದು ವಾರವಿಡೀ ಅವನ ಕಡತಗಳನ್ನು ಕುಕ್ಕಿ ಹಾಕಿತ್ತು. ಆ ಸಿಟ್ಟಿಗೆ ಅವನೇ ಒಂದು ನಿಯಮ ಬರೆದು ಮ್ಯಾನೇಜರರ ಸಹಿ ಹಾಕಿಸಿದ್ದ. ಜೀವವಿರುವ ಸಾಮಾನನ್ನು ಬಿಟ್ಟವರೇ ಬಂದು ಬಿಡಿಸಿಕೊಳ್ಳದಿದ್ದರೆ ಅದೇ ದಿನ ಸಂಜೆ ಐದಕ್ಕೆ ಹರಾಜು. ಡಿಪೋ ನೌಕರರು ಕೂಗುವಂತಿಲ್ಲ. ಎಷ್ಟು ಚಂದದ ನಿಯಮ ಎಂದು ಅವತ್ತು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಹೋಗಿ ಒಪ್ಪಿಕೊಂಡುಬಿಡಲೇ ಎಂದು ಮೂರು ಸಲ ಎದ್ದ. ಬಡ್ತಿಯ ನೆನಪಾಗಿ ಮೂರು ಸಲ ಕೂತ. ಮಗಳ ಕಾಲೇಜಿನ ಖರ್ಚು ಆ ಬಡ್ತಿಯ ಮೇಲೇ ನಿಂತಿತ್ತು. ಅತ್ತ ಹಲ್ಲಿ ಬಿಟ್ಟರೆ ಇನ್ನು ಜನ್ಮದಲ್ಲಿ ಸಿಗಲಾರದು. ಅವನಿಗೆ ನಿಜಕ್ಕೂ ಅಳು ಬರುವಂತಾಯಿತು.

ಕೊನೆಗೆ ಗಾಜಿನ ಪೆಟ್ಟಿಗೆಗೂ ಬಿಸಿದೀಪಕ್ಕೂ ಅಂತ ಎತ್ತಿಟ್ಟಿದ್ದ ಏಳು ಸಾವಿರವನ್ನು ತೆಗೆದು ಚಹಾದವನ ಕೈಗಿಟ್ಟ. "ಹರಾಜಲ್ಲಿ ನೀನು ಕೂಗು. ಹಲ್ಲಿಗೆ ಯಾರು ದುಡ್ಡು ಸುರೀತಾರೆ? ನೂರಿನ್ನೂರಕ್ಕೆ ಮುಗಿಯತ್ತೆ. ನಾನು ಅಂಗಳದಲ್ಲಿ ಕೆಟ್ಟು ನಿಂತಿರೋ ಬಸ್ಸೊಳಗೆ ಕೂತಿರ್ತೀನಿ. ನಾನು ಕಿಟಕಿಯಲ್ಲಿ ಕರವಸ್ತ್ರ ಆಡಿಸಿದ್ರೆ ಮುಂದೆ ಕೂಗು ಅಂತ."

ಐದಕ್ಕೆ ಹರಾಜು ಶುರುವಾಯಿತು. ಧೂಳು ಹಿಡಿದ ಬಸ್ಸಿನ ಸೀಟುಗಳ ನಡುವೆ ಮಂಡಿಯೂರಿ ಗುಮಾಸ್ತ ಕಿಟಕಿಯಿಂದ ಇಣುಕಿದ. ಬರೀ ಬೆನ್ನುಗಳು ಕಂಡವು. ಡಿಪೋಗೆ ಡಿಪೋವೇ ಅಲ್ಲಿ ನೆರೆದಿತ್ತು. ಮೇಜಿನ ಮೇಲೆ ಡಬ್ಬಿ, ಪಕ್ಕದಲ್ಲಿ ಟೈಪಿಸ್ಟಮ್ಮ, ಕುರ್ಚಿಯಲ್ಲಿ ಮ್ಯಾನೇಜರ್.

"ನೂರು!" ಎಂದ ಚಹಾದವನು.

ಗುಂಪಿನ ಮುಂಭಾಗದಿಂದ ಮಡಿಸಿದ ಕಪ್ಪು ಕೊಡೆಯೊಂದು ಮೇಲೆದ್ದಿತು.

"ಐನೂರು," ಎಂದು ಟೈಪಿಸ್ಟಮ್ಮ ಹೇಳಿದರು.

ಗುಮಾಸ್ತ ತಡಮಾಡಲಿಲ್ಲ. ಕರವಸ್ತ್ರ ಆಡಿಸಿದ. ಚಹಾದವನು ಸಾವಿರ ಅಂದ. ಕೊಡೆ ಎದ್ದಿತು, ಎರಡು ಸಾವಿರವಾಯಿತು. ಕರವಸ್ತ್ರ, ಮೂರು. ಕೊಡೆ, ನಾಲ್ಕು. ಯಾರಪ್ಪಾ ಈ ಶನಿ ಎಂದು ಗುಮಾಸ್ತ ಕತ್ತು ಎಷ್ಟು ಉದ್ದ ಮಾಡಿದರೂ ಕೊಡೆಯ ಕೆಳಗಿರುವ ಕೈ ಕಾಣಲಿಲ್ಲ. ಐದು, ಆರು. ಕರವಸ್ತ್ರವನ್ನು ಬಾವುಟದಂತೆ ಬೀಸಿದ. "ಏಳು ಸಾವಿರ!" ಎಂದು ಚಹಾದವನು ಬೆವರು ಒರೆಸಿಕೊಂಡ.

ಗುಮಾಸ್ತ ಕಣ್ಣು ಮುಚ್ಚಿಕೊಂಡ. ತೆರೆದಾಗ ಕೊಡೆ ಮೇಲಿತ್ತು.

"ಎಂಟು ಸಾವಿರ, ಒಂದು ಸರ್ತಿ. ಎಂಟು ಸಾವಿರ, ಎರಡು ಸರ್ತಿ…"

ಚಹಾದವನು ಕಿಟಕಿಯತ್ತ ತಿರುಗಿ ಕೈಚೆಲ್ಲಿದ.

"ಮೂರು ಸರ್ತಿ!"

"ನಿಲ್ಸೀ! ಅದು ನಂದು!"

ಕೆಟ್ಟ ಬಸ್ಸಿನ ಬಾಗಿಲು ದಢಾರನೆ ತೆರೆದುಕೊಂಡಿತು. ಧೂಳಿನಲ್ಲಿ ಮಿಂದ ಗುಮಾಸ್ತ ಗುಂಪನ್ನು ಸೀಳಿಕೊಂಡು ಓಡಿಬಂದು ಡಬ್ಬಿಯನ್ನು ತಬ್ಬಿಕೊಂಡ. "ನಂದು! ನಾಲ್ಕು ವರ್ಷ ಕಾದಿದೀನಿ. ಗಾಡಿ ಮಾರಿದೀನಿ. ಬೆಳಿಗ್ಗೆ ಬಸ್ಸಲ್ಲಿ ಬಿಟ್ಟೋನು ನಾನೇ. ತಲೆ ಇದು, ಬಾಲ ಇದು. ಬೇಕಾದ್ರೆ ನೋಡ್ಕೊಳ್ಳಿ!"

ಹಲ್ಲಿ ಅವನು ತೋರಿಸಿದ ಕಡೆಯಿಂದಲೇ ನೀಲಿ ನಾಲಿಗೆ ಚಾಚಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಮ್ಯಾನೇಜರ್ ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡರು. "ನಿಮಗೆ ಎದ್ದು ನಿಲ್ಲೋಕೂ ಆಗಲ್ಲ ಅಂತಿದ್ರಲ್ಲಾ? ಈಗ ಓಡಿದ್ದು ನೋಡಿದ್ರೆ ಬಡ್ತಿಗಿಂತ ಪದಕ ಕೊಡಬೇಕು. ಬಡ್ತಿಯಂತೂ ಇಲ್ಲ ಬಿಡಿ."

"ಹೋಗ್ಲಿ ಸಾರ್. ನನ್ನ ಹಲ್ಲಿ ನನಗೆ ಕೊಟ್ಬಿಡಿ."

"ಮೂರು ಸರ್ತಿ ಅಂದಾಯ್ತು. ನಿಯಮ ನಿಮ್ಮದೇ. ಹರಾಜು ಕೂಗಿದವರನ್ನ ಕೇಳಿ."

ಗುಮಾಸ್ತ ತಿರುಗಿದ. ಕೊಡೆ ಹಿಡಿದು, ಸ್ಟೂಲಿನ ಮೇಲೆ ಕಾಲಿಗೆ ಕಾಲು ಸೇರಿಸಿ ಕೂತಿದ್ದವರು ಟೀಚರಮ್ಮ.

"ಡಬ್ಬಿ ಮೇಲಿನ ನಂಬರ್ ನೋಡಿ ಈಯಮ್ಮ ಫೋನ್ ಮಾಡಿದ್ರು," ಎಂದರು ಅವರು. "ಬೆಳಿಗ್ಗೆನೇ ಮಾರಿಬಿಟ್ಟಿದೀನಿ, ಈಗ ನನ್ನದಲ್ಲ ಅಂದೆ. ಮಧ್ಯಾಹ್ನ ಒಂದಕ್ಕೇ ಬಂದು ಇಲ್ಲಿ ಕೂತಿದೀನಿ. ಮರೆಯೋದು ತಪ್ಪಲ್ಲ ಕಣಪ್ಪಾ, ಎಲ್ಲರೂ ಮರೀತಾರೆ. ನೀವು ಬಂದು 'ಇದು ನಂದು' ಅಂತ ಒಂದು ಮಾತು ಹೇಳ್ತೀರೇನೋ ಅಂತ ನಾಲ್ಕು ಗಂಟೆ ಕಾದೆ. ಹೇಳಲಿಲ್ಲ. ಅದಕ್ಕೇ ಬಿಡಿಸಿಕೊಂಡೆ. ದುಡ್ಡು ನೀವು ಬೆಳಿಗ್ಗೆ ಕೊಟ್ಟಿದ್ದೇ."

ತನ್ನ ಮೋಟಾರ್ ಸೈಕಲ್ಲೇ ತನ್ನ ಮೇಲೆ ಹರಿದಂತಾಯಿತು ಗುಮಾಸ್ತನಿಗೆ. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಇದು ಪಟ್ಟಿಯಲ್ಲಿ ಮುಂದಿನವರಿಗೆ ಹೋಗತ್ತೆ," ಎಂದು ಟೀಚರಮ್ಮ ನೋಟ್‌ಬುಕ್ ತೆಗೆದರು. ಅವನ ಮುಖ ನೋಡಿ ಅವರಿಗೂ ಕರುಳು ಚುರ್ ಎಂದಿರಬೇಕು. "ಕೊನೆಗಾದ್ರೂ ಬಡ್ತಿ ಬಿಟ್ಟು ಓಡಿಬಂದ್ರಿ. ಅದಕ್ಕೆ ನಿಮ್ಮ ಹೆಸರು ಪೂರ್ತಿ ಹೊಡೆದುಹಾಕಲ್ಲ. ಉಳಿದ ಮೂವತ್ತು ಸಾವಿರ ಮುಂಗಡ ಅಂತ ನನ್ನ ಹತ್ರಾನೇ ಇರಲಿ. ಮತ್ತೆ ಬರ್ಕೊಳ್ತೀನಿ."

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. "ಬರ್ಕೊಳ್ಳಿ ಟೀಚರಮ್ಮ! ನನ್ನ ಹಿಂದೆ ಇಬ್ಬರೇ ಅಲ್ವಾ ಇದ್ದಿದ್ದು? ಒಬ್ಬರಿಗೆ ಇದು ಹೋಯ್ತು. ಇನ್ನೊಬ್ಬರಾದ್ಮೇಲೆ ನಾನು. ನಾಲ್ಕು ವರ್ಷ. ಕಾದು ಅಭ್ಯಾಸ ಇದೆ."

"ಅದು ಬೆಳಿಗ್ಗೆಯ ಲೆಕ್ಕ. ಮಧ್ಯಾಹ್ನದಿಂದ ಈ ಮರಿ ಮೇಜಿನ ಮೇಲೆ ಕೂತು ಎಲ್ಲರಿಗೂ ನಾಲಿಗೆ ಚಾಚ್ತಾ ಇತ್ತಲ್ಲ, ಇಲ್ಲಿನವರೇ ಹದಿನಾಲ್ಕು ಜನ ಬರೆಸಿದಾರೆ. ನೀವು ಹದಿನಾರನೆಯವರು."

ಗುಮಾಸ್ತ ಸುತ್ತ ನೋಡಿದ. ಕಂಡಕ್ಟರುಗಳು ಚೀಲದೊಳಗೆ ಏನೋ ಹುಡುಕತೊಡಗಿದರು. ಮೆಕ್ಯಾನಿಕ್ಕುಗಳು ಆಕಾಶ ನೋಡಿದರು. ಟೈಪಿಸ್ಟಮ್ಮ ಕಾಗದ ಜೋಡಿಸಿದರು. ಮ್ಯಾನೇಜರ್ ಗಂಭೀರವಾಗಿ ಕೆಮ್ಮಿ, "ನಂದು ಮೂರನೇದು," ಎಂದರು. ಚಹಾದವನು ಏಳು ಸಾವಿರವನ್ನು ಅವನ ಕೈಗೆ ವಾಪಸು ಹಾಕುತ್ತಾ ಪಿಸುಗುಟ್ಟಿದ: "ತಲೆ ಹುಡುಕೋಕೆ ಹೋದಾಗ ನಾನೂ ಬರೆಸಿಬಿಟ್ಟೆ ಸಾರ್. ಏನ್ ಮಾಡ್ಲಿ, ಮುದ್ದಾಗಿತ್ತು."

"ಹದಿನಾರು ಮರಿ, ಎರಡೆರಡು ವರ್ಷ ಅಂದ್ರೆ ಮೂವತ್ತೆರಡು," ಎಂದು ಟೀಚರಮ್ಮ ಬೆರಳು ಮಡಿಸಿದರು. "ನಿಮಗೀಗ ವಯಸ್ಸೆಷ್ಟು?"

"ನಲವತ್ತೆಂಟು."

"ಎಂಬತ್ತಕ್ಕೆ ಸಿಗತ್ತೆ."

"ಅಷ್ಟೊತ್ತಿಗೆ… ಟೀಚರಮ್ಮ, ನೀವು…?"

"ನನ್ನ ಚಿಂತೆ ಬೇಡ. ಜೋಡಿಯನ್ನೂ ಈ ನೋಟ್‌ಬುಕ್ಕನ್ನೂ ಮೊಮ್ಮಗಳ ಹೆಸರಿಗೆ ಬರೆದಾಗಿದೆ," ಎಂದು ಟೀಚರಮ್ಮ ಪೆನ್ನಿನ ಮುಚ್ಚಳ ತೆಗೆದರು. "ನಿಮ್ಮ ಕಡೆಯಿಂದ ನಾಮಿನಿ ಯಾರು ಅಂತ ಬರೀಲಿ?"

ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಹದಿನಾಲ್ಕು ಕೈಗಳು ಮೇಲೆದ್ದವು.