ಚಿಗವ್ವ ನೋಡಲು ಹೋದ ಹುಡುಗ

ನಮ್ಮ ಚಿಗವ್ವನ ಕೈಯಲ್ಲಿರುವ ಸೂಜಿಗೆ ಹೆದರಬೇಡಿ, ಬಾಯಿಗೆ ಹೆದರಿ! ಚಿಗವ್ವ ಅಂದರೆ ನನ್ನ ಅವ್ವನ ತಂಗಿ. ರಾಣೆಬೆನ್ನೂರಿನಲ್ಲಿ ಅವಳದು ಹೊಲಿಗೆ ಅಂಗಡಿ. ಬ್ಯಾಡಗಿಯ ಮದುಮಗಳೊಬ್ಬಳು ಬಂದು, ಜಂಪರು ಮೈಗಂಟಿದಂತೆ ಬಿಗಿಯಾಗಿರಬೇಕು ಎಂದಳು. "ಮದವ್ಯಾಗ ಉಸರಾಡೂ ವಿಚಾರ ಐತೋ ಇಲ್ಲೋ?" ಎಂದು ಕೇಳಿ ಚಿಗವ್ವ ಎರಡು ಬೆರಳು ಸಡಿಲ ಬಿಟ್ಟೇ ಹೊಲಿದಳು. ಮದುವೆಯ ದಿನ ಹೋಳಿಗೆ ಊಟ ಮುಗಿದ ಮೇಲೆ ಆ ಹುಡುಗಿಯೇ ಬಂದು ಕೈಮುಗಿದಳಂತೆ!

ಇನ್ನೊಮ್ಮೆ ದೇವರಗುಡ್ಡದ ಬಸ್ಸಿನಲ್ಲಿ ಕಂಡಕ್ಟರನ ಅಂಗಿಗೆ ಗುಂಡಿ ಇರಲಿಲ್ಲ. ಚಿಗವ್ವ ಚೀಲದಿಂದ ಸೂಜಿ ತೆಗೆದಳು. "ಅಲ್ಲಾಡಬ್ಯಾಡ, ಎದಿಗೇ ಹೊಲದಬಿಡತೇನಿ" ಎಂದು ಓಡುವ ಬಸ್ಸಿನಲ್ಲೇ ಗುಂಡಿ ಹಚ್ಚಿದಳು. ಪಾಪ, ಆತ ಮುಂದಿನ ಎರಡು ಸ್ಟಾಪಿಗೆ ಸೀಟಿ ಊದುವುದನ್ನೇ ಮರೆತ.

ಅವಳಿಗೆ ತೀರ್ಪು ಮೊದಲು, ವಿಚಾರಣೆ ಆಮೇಲೆ. ಒಬ್ಬಳೇ ಮಗಳು, ಹಾವೇರಿಯ ಕಾಲೇಜಿಗೆ ಹೋಗುತ್ತಿದ್ದಳು. ಮನೆಗೆ ಬಂದರೆ ಕೋಣೆ ಸೇರಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ತಾನೇ ನಗುವಳು.

"ಯಾವನಲೇ ಅಂವ?" ಎಂದಳು ಚಿಗವ್ವ.

"ಯಾರೂ ಇಲ್ಲಬೇ, ಹಾಡು ಕೇಳಾಕತ್ತೇನಿ."

ನಂಬುವುದುಂಟೇ? ಮೂರು ವಾರ ತಾಯಿ ಮಗಳ ನಡುವೆ ಮಾತಿಲ್ಲ. ಅಷ್ಟರಲ್ಲಿ ಹುಡುಗಿಗೆ ಡೆಂಗಿ ಜ್ವರ ಬಂತು. ಐದನೆಯ ದಿನ ಹೋಗಿಬಿಟ್ಟಳು.

ತಿಂಗಳ ಮೇಲೆ ಮಗಳ ಗೆಳತಿಯೊಬ್ಬಳು ಮನೆಗೆ ಬಂದಳು. "ಆಕಿಗೆ ಯಾವ ಹುಡುಗನೂ ಇರಲಿಲ್ರಿ ಆಂಟಿ. ಬೆಂಗಳೂರಾಗ ಒಬ್ಬಾಂವ ತಾನ ಹಾಡು ಕಟ್ಟಿ ಹಾಡತಾನ. ಆ ಹಾಡ ಕೇಳತಿದ್ಲು."

ಚಿಗವ್ವ ಹತ್ತು ದಿನ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಆಮೇಲೆ ನನಗೆ ಫೋನು: "ಆ ಹುಡುಗನ್ನ ನಾ ನೋಡಬೇಕು. ಕರಕೊಂಡು ನಡಿ."

ಒಂದು ಭಾನುವಾರ ಮಧ್ಯಾಹ್ನ ಬೆಂಗಳೂರಿನಲ್ಲಿ ಅವನ ಹಾಡಿನ ಕಾರ್ಯಕ್ರಮವಿತ್ತು, ಕರೆದೊಯ್ದೆ. ಯಾರದೋ ಮನೆಯ ಮಹಡಿ, ಚಾಪೆಯ ಮೇಲೆ ನಲವತ್ತು ಜನ. ಮೈಕಿಲ್ಲ, ತಬಲಾ ಇಲ್ಲ. ತೆಳ್ಳನೆಯ ಹುಡುಗನೊಬ್ಬ ಗಿಟಾರು ಹಿಡಿದು ಇಂಗ್ಲಿಷಿನಲ್ಲಿ, ಕೇಳಿಸಿಯೂ ಕೇಳಿಸದಂತೆ ಹಾಡುತ್ತಿದ್ದ. ಚಿಗವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳ ಪಿಸುಮಾತು ಅತ್ತ ಹಾವೇರಿ ಕಡೆಯ ಕರ್ಜಗಿಯವರೆಗೂ ಕೇಳೀತು! "ಹಾಡಾಕತ್ತಾನೋ, ಯಾರ ಕೂಡರ ಗುಟ್ಟು ಮಾತಾಡಾಕತ್ತಾನೋ?"

ನಲವತ್ತು ತಲೆಗಳೂ ತಿರುಗಿದವು. "ಎರಡೂ ಹೌದು ಅಮ್ಮ" ಎಂದ ಹುಡುಗ. ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ.

ಹಾಡು ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಅವಳು ಎದ್ದು ನೇರ ಅವನ ಮುಂದೆ ನಿಂತಳು. ಇವತ್ತು ಈ ಹುಡುಗನ ಗತಿ ಏನಪ್ಪಾ ಎಂದು ನಾನು ಅವಳ ಹಿಂದೆಯೇ ಓಡಿದೆ.

"ನನ್ನ ಮಗಳು ನಿನ್ನ ಹಾಡು ಕೇಳತಿದ್ಲು. ಆಕಿ ಈಗ ಇಲ್ಲ" ಎಂದಳು ಚಿಗವ್ವ. "ಯಾವ ಹಾಡು ಅಂತ ನನಗ ಗೊತ್ತಿಲ್ಲ. ಬಾಗಲಾ ಹಾಕ್ಕೊಂಡು ಕೇಳತಿದ್ಲು. ಆಕಿ ಬೆರಳಿಲೆ ಗ್ವಾಡಿ ಬಡಿಯೂ ಸಪ್ಪಳ ಅಷ್ಟ ನನಗ ಕೇಳತಿತ್ತು. ಹಿಂಗ."

ಪಕ್ಕದ ಗೋಡೆಯ ಮೇಲೆ ಬಡಿದು ತೋರಿಸಿದಳು. ಎರಡು ಲಗುಬಗೆಯಲ್ಲಿ, ಒಂದು ತಡೆದು, ಮತ್ತೆ ಎರಡು.

ಹುಡುಗ ಚೀಲಕ್ಕೆ ಹಾಕಿದ್ದ ಗಿಟಾರನ್ನು ಮತ್ತೆ ಹೊರತೆಗೆದು ಕುಳಿತು ಒಂದು ಹಾಡಿನ ಮೊದಲ ಸಾಲು ಹಾಡಿದ.

"ಇದಲ್ಲ."

ಇನ್ನೊಂದು ಹಾಡಿದ.

"ಇದೂ ಅಲ್ಲ."

ಮೂರನೆಯದಕ್ಕೆ ಚಿಗವ್ವನ ಬೆರಳು ತಂತಿಯ ಜೊತೆಜೊತೆಗೇ ಗೋಡೆಯ ಮೇಲೆ ಬಿತ್ತು. ಅವಳು ಆ ಗೋಡೆಯ ಪಕ್ಕದಲ್ಲೇ ಕುಳಿತಳು. ಹುಡುಗ ಹಾಡನ್ನು ಪೂರ್ತಿ ಹಾಡಿ ಮುಗಿಸಿ, ಮೆಲ್ಲಗೆ ಕೇಳಿದ: "ಇದರ ಅರ್ಥ ಹೇಳ್ಲಾ ಅಮ್ಮ?"

"ಬ್ಯಾಡಪಾ. ಅರ್ಥ ಆಕಿ ಹತ್ರನ ಇರಲಿ. ನೀ ಇನ್ನೊಮ್ಮೆ ಹಾಡು."

ಅವನು ಹಾಡಿದ. ಚಿಗವ್ವ ಅವನ ಕಡೆ ನೋಡಲಿಲ್ಲ. ಗೋಡೆಗೆ ಕಿವಿ ಹಚ್ಚಿ ಕೇಳುತ್ತ ಕುಳಿತಳು.